ಸತ್ತ ರಕ್ಕಸ ಮರಳಿ ಬಂದಾಗ

ಕಥೆಯಲ್ಲಿ ಖಳನು ಸಾಯಬೇಕೆಂಬುದು ನೋಟಕರ ಬಯಕೆ. ಸತ್ತವನು ಮತ್ತೊಮ್ಮೆ ಬರಬೇಕೆಂಬುದೂ ಅದೇ ನೋಟಕರ ಬಯಕೆ. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತರ್ಕಶಾಸ್ತ್ರ ಹೇಳೀತು. ಆದರೆ ರಂಗದ ಮುಂದೆ ಕುಳಿತ ಮನುಷ್ಯನು ತರ್ಕಶಾಸ್ತ್ರವನ್ನು ಮನೆಯಲ್ಲಿಯೇ ಬಿಟ್ಟು ಬಂದಿರುತ್ತಾನೆ. ಅವನಿಗೆ ರಕ್ಕಸನ ಸಾವೂ ಬೇಕು, ಮರುದಿನ ಅವನ ಬರವೂ ಬೇಕು.

ಇದಕ್ಕೆ ಇಂಗ್ಲೆಂಡಿನ ಒಂದು ನಿದರ್ಶನವನ್ನು ನೋಡಬಹುದು. ೧೯೬೩ನೆಯ ಇಸವಿಯ ನವೆಂಬರ್ ೨೩ರಂದು ಬಿ.ಬಿ.ಸಿ. ಸಂಸ್ಥೆಯವರು ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ನೋಡಲೆಂದು ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಥಾಮಾಲೆಯೊಂದನ್ನು ದೂರದರ್ಶನದಲ್ಲಿ ಆರಂಭಿಸಿದರು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸಬಲ್ಲ ಒಬ್ಬ ವಿಚಿತ್ರ ಪುರುಷನ ಕಥೆ ಅದು. ಅದನ್ನು ರೂಪಿಸಿದವರಲ್ಲಿ ಪ್ರಮುಖನಾದ ಸಿಡ್ನಿ ನ್ಯೂಮನ್ ಎಂಬಾತನಿಗೆ ಕಣ್ಣು ಹೊರಚಾಚಿದ ರಾಕ್ಷಸರ ಅಗ್ಗದ ಕಥೆಗಳು ರುಚಿಸುತ್ತಿರಲಿಲ್ಲ. ಕಥೆಯ ನೆಪದಲ್ಲಿ ಮಕ್ಕಳು ಚರಿತ್ರೆಯನ್ನೂ ವಿಜ್ಞಾನವನ್ನೂ ಕಲಿಯಲಿ ಎಂಬುದು ಅವನ ಆಶಯ. ಆದರೆ ಅದೇ ಡಿಸೆಂಬರ್ ೨೧ರಂದು ಟೆರ್ರಿ ನೇಷನ್ ಎಂಬ ಲೇಖಕನ ಕಥೆಯೊಂದು ಮೊದಲಾಯಿತು. ಲೋಹದ ಕವಚದೊಳಗೆ ಅಡಗಿ, ಕರ್ಕಶ ಸ್ವರದಲ್ಲಿ ನುಡಿಯುವ ‘ಡಾಲೆಕ್’ ಎಂಬ ದುಷ್ಟ ಜೀವಿಗಳು ಅದರೊಡನೆ ಮನೆಮನೆಯನ್ನೂ ಹೊಕ್ಕವು. ಕಥೆ ಮುಗಿಯುವಾಗ ಲೇಖಕನು ಡಾಲೆಕ್ ಕುಲವನ್ನೇ ನಿರ್ನಾಮ ಮಾಡಿಬಿಟ್ಟಿದ್ದ. ನೋಟಕರು ಬಿಡಬೇಕಲ್ಲ! ಕಾಗದಗಳ ಮಳೆ ಸುರಿಯಿತು. ಒಂದು ವರ್ಷ ತುಂಬುವುದರೊಳಗೆ, ೧೯೬೪ರ ನವೆಂಬರಿನಲ್ಲಿ, ಸತ್ತ ಡಾಲೆಕ್‌ಗಳು ಲಂಡನ್ ನಗರವನ್ನೇ ಮುತ್ತಿದವು. ಅಂದಿನಿಂದ ಇಂದಿನವರೆಗೆ ಅವು ಎಷ್ಟು ಬಾರಿ ಸತ್ತು ಎಷ್ಟು ಬಾರಿ ಎದ್ದು ಬಂದವೋ, ಲೆಕ್ಕವಿಡುವುದೇ ಕಷ್ಟ.

ಈ ಸಂಗತಿಯನ್ನು ಕೇಳಿ ಆಂಗ್ಲರು ಅಚ್ಚರಿಪಟ್ಟರೆ ಪಡಲಿ. ಕಾರ್ಕಳ ತಾಲೂಕಿನ ಅಜೆಕಾರಿನವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣದು. ಸಹ್ಯಾದ್ರಿಯ ಬುಡದ ಈ ಊರೂ ಇದರ ಸುತ್ತಿನ ಹಳ್ಳಿಗಳೂ ಯಕ್ಷಗಾನದ ಸೀಮೆಯಲ್ಲಿವೆ. ತೆಂಕುತಿಟ್ಟಿನ ಮೇಳಗಳೂ ಬಡಗುತಿಟ್ಟಿನ ಮೇಳಗಳೂ ಇಲ್ಲಿ ಬಂದು ಆಡಿ ಹೋಗುತ್ತವೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ, ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಈ ನಾಡಿನ ಒಂದಲ್ಲ ಒಂದು ಗದ್ದೆಯಲ್ಲಿ ಪ್ರತಿ ರಾತ್ರಿಯೂ ರಕ್ಕಸನೊಬ್ಬನು ಸಾಯುತ್ತಾನೆ. ಮರುರಾತ್ರಿ ಇನ್ನೊಂದು ಗದ್ದೆಯಲ್ಲಿ ಎದ್ದು ಬರುತ್ತಾನೆ. ಅವನು ಮರಳಿ ಬರಬೇಕೆಂದು ಯಾರೂ ಕಾಗದ ಬರೆಯಬೇಕಾಗಿಲ್ಲ. ಹರಕೆ ಹೊತ್ತರೆ ಸಾಕು. ಕಟೀಲು ಶ್ರೀ ದುರ್ಗಾಪರಮೇಶ್ವರಿಯ ಮೇಳಕ್ಕೆ ಹರಕೆಯ ಆಟ ಆಡಿಸಲು ಹೆಸರು ಬರೆಸಿ, ವರ್ಷಗಟ್ಟಲೆ ಸರದಿ ಕಾಯುವ ಮನೆತನಗಳುಂಟು. ಅವರು ಆಡಿಸುವುದು ಬಹುಮಟ್ಟಿಗೆ ಒಂದೇ ಪ್ರಸಂಗ, ‘ಶ್ರೀದೇವಿ ಮಹಾತ್ಮೆ’. ಅಂದರೆ, ಒಂದೇ ಮಹಿಷಾಸುರ.

ಕಥೆ ಗೊತ್ತು, ಖಳ ಗೊತ್ತು, ಅವನ ಕೊನೆಯೂ ಗೊತ್ತು. ಹೀಗಿದ್ದೂ ಜನ ಬಂದು ಕುಳಿತುಕೊಳ್ಳುತ್ತಾರೆ. ಅವರು ನೋಡುವುದೇನನ್ನು? ಹಳೆಯ ಖಳನನ್ನು ಮತ್ತೆ ಮತ್ತೆ ಕರೆತರುವ ಇಂದಿನ ಕಥಾಮಾಲೆಗಳ ನಿರ್ಮಾಪಕರು ಈ ಪ್ರಶ್ನೆಯನ್ನು ಗದ್ದೆಯ ನೋಟಕರಲ್ಲಿ ಕೇಳಬೇಕಾಗಿತ್ತು.

ಮಹಿಷನ ಬರವು

ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳನ್ನು ‘ಬಣ್ಣದ ವೇಷ’ ಎನ್ನುತ್ತಾರೆ. ಎಲ್ಲ ವೇಷಕ್ಕೂ ಬಣ್ಣವಿದ್ದರೂ ಆ ಹೆಸರು ಸಂದದ್ದು ರಕ್ಕಸನಿಗೆ ಮಾತ್ರ! ಅದರಲ್ಲಿಯೂ ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂಬ ಭೇದಗಳುಂಟು. ರಾವಣನಂತಹ ಅರಸು ರಕ್ಕಸರದು ಮೊದಲನೆಯದು. ಶೂರ್ಪನಖಿ, ತಾಟಕಿ, ಪೂತನಿಯರದು ಕೊನೆಯದು.

ಚೌಕಿಯಲ್ಲಿ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕುಳಿತನೆಂದರೆ ಮೂರು ಗಂಟೆಗೂ ಮಿಕ್ಕಿದ ಕೆಲಸ. ಇಂಗಲೀಕ, ಅರದಳ, ಕಾಡಿಗೆಗಳ ಹಾಸಿನ ಮೇಲೆ ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಇಡುತ್ತ ಹೋಗಬೇಕು. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು. ಮುಳ್ಳುಮುಳ್ಳಾಗಿ ಎದ್ದು ನಿಂತ ಆ ಸಾಲುಗಳ ನಡುವೆ ಮನುಷ್ಯನ ಮುಖ ಮೆಲ್ಲಮೆಲ್ಲನೆ ಮರೆಯಾಗುತ್ತದೆ. ಮಾತನಾಡುವಂತಿಲ್ಲ, ನಗುವಂತಿಲ್ಲ, ಕೆನ್ನೆ ಅಲುಗಿದರೆ ಚಿಟ್ಟಿ ಬಿರುಕು ಬಿಡುವುದು. ಈ ಕೆಲಸವನ್ನು ನೋಡಲೆಂದೇ ಚೌಕಿಯ ಬಾಗಿಲಲ್ಲಿ ಹುಡುಗರು ಗುಂಪುಗೂಡುತ್ತಾರೆ. ರಕ್ಕಸನು ಹೇಗೆ ಆಗುತ್ತಾನೆಂಬುದನ್ನು ಕಣ್ಣಾರೆ ಕಂಡ ಹುಡುಗನೇ, ಅದೇ ರಕ್ಕಸ ರಂಗಕ್ಕೆ ಬಂದಾಗ ಅಜ್ಜಿಯ ಸೆರಗಿನಲ್ಲಿ ಮುಖ ಮರೆಸುತ್ತಾನೆ.

ಮಹಿಷಾಸುರನ ಬರವಂತೂ ಈ ನಾಡಿನ ಮಕ್ಕಳ ನೆನಪಿನಲ್ಲಿ ಎಂದೆಂದಿಗೂ ಅಚ್ಚೊತ್ತಿ ನಿಲ್ಲುವ ದೃಶ್ಯ. ಅವನು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವವನಲ್ಲ. ನೋಟಕರ ಬೆನ್ನ ಹಿಂದೆ, ದೂರದ ಕತ್ತಲಿನಲ್ಲಿ, ಮೊದಲು ಒಂದು ಆರ್ಭಟ ಕೇಳಿಸುವುದು. ಚೆಂಡೆಯ ಪೆಟ್ಟು ಏರುವುದು. ಒಣ ತೆಂಗಿನ ಗರಿಯ ಸೂಟೆಗಳು ಹೊತ್ತಿಕೊಳ್ಳುವುವು. ರಾಳದ ಪುಡಿ ಎರಚಿದಂತೆ ಬೆಂಕಿ ಭುಗಿಲೆಂದು ಆಳೆತ್ತರಕ್ಕೆ ನೆಗೆಯುವುದು. ಆ ಬೆಳಕಿನಲ್ಲಿ ಎರಡು ಕೋಡುಗಳು ಕಾಣಿಸುವುವು. ಮಲಗಿದ್ದ ಮಕ್ಕಳನ್ನು ತಾಯಂದಿರು ತಟ್ಟಿ ಎಬ್ಬಿಸುವರು. ಜನ ದಾರಿ ಬಿಡುವರು. ಆ ದಾರಿಯಲ್ಲಿ ಕೋಣನ ಮೋರೆಯ ದೈತ್ಯನು ನೆಲ ನಡುಗಿಸುತ್ತ ಬರುವನು.

ಇಲ್ಲಿ ಗುಟ್ಟೇನೂ ಇಲ್ಲ. ಬರುವವನು ಯಾರೆಂಬುದು ಎಲ್ಲರಿಗೂ ಗೊತ್ತಿದೆ. ಆದರೂ ಮೈ ಜುಮ್ಮೆನ್ನುತ್ತದೆ. ಭಯ ಹುಟ್ಟುವುದು ತಿಳಿಯದುದರಿಂದ ಮಾತ್ರವಲ್ಲ, ತಿಳಿದುದನ್ನು ಕಾಯುವುದರಿಂದಲೂ ಹುಟ್ಟುತ್ತದೆ. ಯಕ್ಷಗಾನವನ್ನು ಕಟ್ಟಿದ ಹಿರಿಯರು ಈ ರಹಸ್ಯವನ್ನು ಬಲ್ಲವರಾಗಿದ್ದರು.

ಬೆಳಗಿನ ಚಹದಂಗಡಿಯ ನ್ಯಾಯಾಸ್ಥಾನ

ಆಟ ಮುಗಿದ ಮೇಲೆ ವಿಮರ್ಶೆ ಆರಂಭವಾಗುತ್ತದೆ. ಬಸ್ಸಿನ ತಂಗುದಾಣದಲ್ಲಿ, ಚಹದಂಗಡಿಯ ಬೆಂಚಿನ ಮೇಲೆ, ಕೆಲವೊಮ್ಮೆ ಹಟ್ಟಿಯಲ್ಲಿ ಹಾಲು ಕರೆಯುತ್ತಿರುವಾಗಲೇ ಅದು ನಡೆಯುವುದು. ಪತ್ರಿಕೆಯ ವಿಮರ್ಶಕರಿಗಿಂತ ಈ ನ್ಯಾಯಾಧೀಶರು ಕಠೋರರು. ದೇವಿಯ ಬಗ್ಗೆ ಅವರು ಹೆಚ್ಚು ಮಾತನಾಡುವುದಿಲ್ಲ. ಆಕೆ ಗೆಲ್ಲುವವಳೆಂಬುದು ತೀರ್ಮಾನವಾದ ವಿಷಯ. ಮಾತೆಲ್ಲ ಮಹಿಷನ ಕುರಿತೇ.

ವಯಸ್ಸಾದವರು ನೋಡುವುದು ಮುಖವರ್ಣಿಕೆಯನ್ನು ಮತ್ತು ಕುಣಿತವನ್ನು. ಚಿಟ್ಟಿಯ ಸಾಲು ನೇರವಾಗಿ ಬಂದಿತ್ತೇ, ಹೆಜ್ಜೆಯಲ್ಲಿ ತೂಕವಿತ್ತೇ, ಆರ್ಭಟ ಹೊಟ್ಟೆಯಿಂದ ಬಂತೇ ಗಂಟಲಿನಿಂದ ಬಂತೇ ಎಂಬುದು ಅವರ ಪ್ರಶ್ನೆ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಮುಂತಾದವರ ವೇಷಗಳನ್ನು ಕಂಡವರು, ಇಲ್ಲವೆ ಕಂಡವರಿಂದ ಕೇಳಿದವರು, ಪ್ರತಿ ಹೊಸ ಮಹಿಷನನ್ನೂ ಆ ಹಳೆಯ ತಕ್ಕಡಿಯಲ್ಲಿಯೇ ತೂಗುತ್ತಾರೆ. ಬಡಗಿನ ಆಟವಾದರೆ ಸಕ್ಕಟ್ಟು ಲಕ್ಷ್ಮೀನಾರಾಯಣಯ್ಯನವರ ಹೆಸರು ಬಾರದೆ ಮಾತು ಮುಗಿಯದು. ತರುಣರಿಗೆ ಪ್ರವೇಶದ ಅಬ್ಬರ ಮುಖ್ಯ. ಸೂಟೆಗಳೆಷ್ಟು, ಸಿಡಿಮದ್ದು ಎಷ್ಟು ಎಂದು ಲೆಕ್ಕಹಾಕಿ, ಕೈಯಲ್ಲಿನ ಫೋನಿನಲ್ಲಿ ಅದನ್ನೆಲ್ಲ ಸೆರೆಹಿಡಿದು, ಬೆಳಗಾಗುವುದರೊಳಗೆ ದುಬಾಯಿಯಲ್ಲಿರುವ ಅಣ್ಣನಿಗೆ ಕಳುಹಿಸಿರುತ್ತಾರೆ. ಇದನ್ನು ಕಂಡು ಗೊಣಗುವ ಮತ್ತೊಂದು ಪಕ್ಷವೂ ಉಂಟು. ಬೆಂಕಿ ಹೆಚ್ಚಾದಂತೆ ಕುಣಿತ ಕಡಿಮೆಯಾಯಿತು, ಜನರ ನಡುವೆ ನುಗ್ಗಿ ಓಡಾಡುವುದೇ ವೇಷವಾಯಿತು, ರಂಗಸ್ಥಳಕ್ಕೆ ಮುಟ್ಟುವಷ್ಟರಲ್ಲಿ ರಕ್ಕಸನಿಗೆ ಉಸಿರೇ ಉಳಿದಿರುವುದಿಲ್ಲ ಎಂಬುದು ಅವರ ದೂರು.

ಮನೆಯ ಹೆಂಗಸರ ತೀರ್ಪು ಇನ್ನೂ ಸರಳ, ಇನ್ನೂ ನಿಷ್ಠುರ. ಮಗು ಹೆದರಿತೇ ಇಲ್ಲವೇ? ಹೆದರಿದ್ದರೆ ಮಹಿಷ ಚೆನ್ನಾಗಿದ್ದ.

ಈ ಅಭಿಪ್ರಾಯಗಳನ್ನೆಲ್ಲ ಕೂಡಿಸಿ ನೋಡಿದರೆ ಒಂದು ಸಂಗತಿ ಹೊಳೆಯುವುದು. ನೋಟಕರಲ್ಲಿ ಯಾರೂ “ಇದೇ ರಕ್ಕಸ ಮತ್ತೇಕೆ ಬಂದ?” ಎಂದು ಕೇಳುವುದಿಲ್ಲ. “ಬಂದವನು ದೇವಿಗೆ ತಕ್ಕ ಎದುರಾಳಿಯಾಗಿದ್ದನೇ?” ಎಂದು ಕೇಳುತ್ತಾರೆ. ರಕ್ಕಸನು ಕುಬ್ಜನಾದರೆ ದೇವಿಯ ಗೆಲವೂ ಕುಬ್ಜ. ಖಳನ ಎತ್ತರವನ್ನು ಅಳೆದೇ ಜನ ನಾಯಕನ ಎತ್ತರವನ್ನು ತಿಳಿಯುತ್ತಾರೆ.

ಹಗೆಗೂ ಒಂದು ಕಾರಣ

ಎತ್ತರವೆಂದರೆ ಕಿರೀಟದ ಎತ್ತರ ಮಾತ್ರವಲ್ಲ. ಯಕ್ಷಗಾನದ ಮಹಿಷನಿಗೆ ತಾಯಿಯೊಬ್ಬಳಿದ್ದಾಳೆ. ಮಾಲಿನಿ ಎಂದು ಅವಳ ಹೆಸರು. ದೇವತೆಗಳ ಮೇಲಿನ ಹಗೆ ಅವನಿಗೆ ಆಕಾಶದಿಂದ ಉದುರಿದ್ದಲ್ಲ. ತನ್ನ ಕುಲಕ್ಕಾದ ಅಳಿವನ್ನು ನೆನೆದು ಬೆಂದ ತಾಯಿಯ ಒಡಲಿನಿಂದ ಬಂದದ್ದು. ಹೀಗಾಗಿ ಅವನ ಅಟ್ಟಹಾಸವನ್ನು ಕಂಡು ಬೆದರಿದ ಹೆಂಗಸರೇ, ಅವನ ತಾಯಿಯ ಮಾತು ಬಂದಾಗ ಒಂದು ಗಳಿಗೆ ಸುಮ್ಮನಾಗುವರು.

ಖಳನಿಗೂ ಅಂತರಂಗವಿದೆ ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ನಾಗಚಂದ್ರನು ತನ್ನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನನ್ನು ಪಶ್ಚಾತ್ತಾಪದಿಂದ ಬೇಯುವ ಉದಾತ್ತನನ್ನಾಗಿ ಚಿತ್ರಿಸಿದ. ರನ್ನನ ‘ಗದಾಯುದ್ಧ’ವನ್ನು ಓದಿದವರು ದುರ್ಯೋಧನನಿಗಾಗಿ ಮರುಗದೆ ಇರಲಾರರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ರಾವಣನಿಗೂ ಉದ್ಧಾರದ ಬಾಗಿಲನ್ನು ತೆರೆದಿಟ್ಟಿತು. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ರಾವಣ, ಮಾಗಧ, ವಾಲಿಯರ ಪಾತ್ರಗಳಲ್ಲಿ ಅರ್ಥ ಹೇಳಲು ಕುಳಿತರೆ, ಶ್ರೋತೃಗಳು ಆ ರಾತ್ರಿಯ ಮಟ್ಟಿಗೆ ಪಕ್ಷ ಬದಲಾಯಿಸಿದರೇನೋ ಎಂಬಂತಾಗುತ್ತಿತ್ತು. ಬಣ್ಣವಿಲ್ಲ, ಕಿರೀಟವಿಲ್ಲ, ಸೂಟೆಯ ಬೆಳಕೂ ಇಲ್ಲ. ಬರಿಯ ಮಾತಿನಿಂದ ಹಳೆಯ ಖಳನು ಹೊಸಬನಾಗಿ ಎದ್ದು ಬರುತ್ತಿದ್ದ. ಮುಂಬಯಿಗೆ ವಲಸೆ ಹೋದ ತುಳುವರೂ ಈ ರುಚಿಯನ್ನು ಬಿಡಲಿಲ್ಲ. ಈ ಊರಿನ ಹೆಸರನ್ನೇ ಹೊತ್ತ ಅಜೆಕಾರು ಕಲಾಭಿಮಾನಿ ಬಳಗವು ಅಲ್ಲಿ ಊರಿನ ಕಲಾವಿದರನ್ನು ಕರೆಸಿ ಆಟಕೂಟಗಳನ್ನು ನಡೆಸಿದೆ.

ಹೊರನಾಡಿನ ಕಥಾಮಾಲೆಗಳಲ್ಲಿಯೂ ಗೆದ್ದುಬಂದ ಖಳರು ಇಂಥವರೇ. ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ವ್ಯೋಮಯಾನದ ಕಥೆಯಲ್ಲಿ ೧೯೬೭ರಲ್ಲಿ ಖಾನ್ ನೂನಿಯನ್ ಸಿಂಗ್ ಎಂಬ ಖಳನೊಬ್ಬನು ಬಂದ. ಅವನು ಉತ್ತರ ಭಾರತದವನು, ಸಿಖ್ಖನಿರಬೇಕು ಎಂದು ಕಥೆಯಲ್ಲಿಯೇ ಮಾತು ಬರುತ್ತದೆ. ವಿಜ್ಞಾನಿಗಳು ತಳಿಸಂಸ್ಕಾರದಿಂದ ರೂಪಿಸಿದ ಅತಿಮಾನವ ಅವನು. ಪಾತ್ರ ವಹಿಸಿದವನು ಮಾತ್ರ ಮೆಕ್ಸಿಕೋ ದೇಶದಲ್ಲಿ ಜನಿಸಿದ ನಟ ರಿಕಾರ್ಡೋ ಮೊಂಟಾಲ್ಬಾನ್. ಕಥಾನಾಯಕನು ಖಾನನನ್ನು ಕೊಲ್ಲದೆ ನಿರ್ಜನ ಗ್ರಹವೊಂದಕ್ಕೆ ಗಡಿಪಾರು ಮಾಡಿ ಹೊರಟುಹೋದ. ಹದಿನೈದು ವರ್ಷಗಳ ಅನಂತರ, ೧೯೮೨ರಲ್ಲಿ, ಅದೇ ನಟನು ಅದೇ ಖಳನಾಗಿ ಬೆಳ್ಳಿತೆರೆಗೆ ಮರಳಿದ. ಈ ನಡುವೆ ಪಕ್ಕದ ಗ್ರಹವೊಂದು ಸಿಡಿದು ಅವನ ನೆಲ ಮರುಭೂಮಿಯಾಗಿತ್ತು. ಅವನ ಹೆಂಡತಿ ಸತ್ತಿದ್ದಳು. ಬಿಟ್ಟುಹೋದವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಹಗೆಗೆ ಕಾರಣ ಬೇಕೆಂದರೆ ಇನ್ನೇನು ಬೇಕು? ಆ ಚಿತ್ರವನ್ನು ‘ಸ್ಟಾರ್ ಟ್ರೆಕ್’ ಚಿತ್ರಗಳಲ್ಲೆಲ್ಲ ಉತ್ತಮವೆಂದು ಇಂದಿಗೂ ಕೊಂಡಾಡುವವರು ಬಹಳ ಮಂದಿ.

ಅದೇ ಖಾನ್ ೨೦೧೩ರಲ್ಲಿ ಮೂರನೆಯ ಬಾರಿ ಬಂದಾಗ ಆದುದು ಬೇರೆ. ಈ ಸಲ ಪಾತ್ರ ವಹಿಸಿದವನು ಆಂಗ್ಲ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಬರುವವನು ಖಾನ್ ಎಂಬುದನ್ನು ನಿರ್ಮಾಪಕರು ಮುಚ್ಚಿಟ್ಟು, ಬೇರೊಂದು ಹೆಸರಿನಿಂದ ಅವನನ್ನು ಪರಿಚಯಿಸಿದರು. ನೋಟಕರಲ್ಲಿ ಅನೇಕರು ಎರಡು ಕಾರಣಗಳಿಗಾಗಿ ಮುನಿದರು. ಭಾರತೀಯನೆಂದು ಕಲ್ಪಿತನಾದ ಪಾತ್ರಕ್ಕೆ ಭಾರತೀಯ ಚಹರೆಯೇ ಇಲ್ಲವಲ್ಲ ಎಂಬುದು ಒಂದು. ತಮ್ಮಿಂದ ಗುಟ್ಟು ಮಾಡಿದ್ದೇಕೆ ಎಂಬುದು ಇನ್ನೊಂದು. ಮೊದಲೇ ಹೇಳಿದ್ದರೆ ಚೆನ್ನಾಗಿತ್ತೇನೋ ಎಂದು ನಿರ್ದೇಶಕ ಜೆ. ಜೆ. ಅಬ್ರಾಮ್ಸ್ ಆಮೇಲೆ ಒಪ್ಪಿಕೊಂಡದ್ದೂ ಆಯಿತು. ಹೆಸರನ್ನು ಬಚ್ಚಿಟ್ಟು ಕೊನೆಗೊಮ್ಮೆ ಬಿಚ್ಚಿದರೆ ಅಚ್ಚರಿ ಒಂದು ಗಳಿಗೆಯದು. ಹೆಸರು ಹೇಳಿ ಕಾಯಿಸಿದರೆ ಆ ಕಾತರ ಇಡೀ ರಾತ್ರಿಯದು. ಮಹಿಷನ ಕೋಡುಗಳನ್ನು ಮುಚ್ಚಿಡುವ ಮೇಳ ಎಲ್ಲಿಯಾದರೂ ಉಂಟೇ?

ಬೇಗ ಸತ್ತವನು

‘ಡಾಕ್ಟರ್ ಹೂ’ ಮಾಲೆಯ ಈಚಿನ ಕಥೆಗಳೂ ಇದೇ ಪಾಠವನ್ನು ಹೇಳುತ್ತವೆ. ೧೯೭೫ರ ಕಥೆಯೊಂದರಲ್ಲಿ ಈಜಿಪ್ಟಿನ ಪುರಾಣದಿಂದ ಎತ್ತಿಕೊಂಡ ಸುಟೆಕ್ ಎಂಬ ಮೃತ್ಯುದೇವತೆ ಖಳನಾಗಿ ಬಂದಿದ್ದ. ೨೦೨೪ರ ಜೂನ್ ತಿಂಗಳಲ್ಲಿ, ನಲವತ್ತೊಂಬತ್ತು ವರ್ಷಗಳಾದ ಮೇಲೆ, ಅವನನ್ನು ಮರಳಿ ತಂದರು. ಅಂದು ಕಂಠದಾನ ಮಾಡಿದ್ದ ಗೇಬ್ರಿಯಲ್ ವುಲ್ಫ್ ಎಂಬ ನಟನೇ ಇಂದೂ ಕಂಠದಾನ ಮಾಡಿದ! ಅವನ ಹೆಸರು ಹೊರಬಿದ್ದ ವಾರ ಹಳೆಯ ನೋಟಕರು ರೋಮಾಂಚಗೊಂಡರು. ಮರುವಾರ ಕಥೆ ಮುಗಿದಾಗ ಅಭಿಪ್ರಾಯ ಒಡೆಯಿತು. ಲೋಕಲೋಕಗಳನ್ನೇ ಬೂದಿಮಾಡಿದವನನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಮುಗಿಸಿದುದು ಹಲವರಿಗೆ ರುಚಿಸಲಿಲ್ಲ. ಅಷ್ಟು ದೊಡ್ಡ ಬರವಿಗೆ ಇಷ್ಟು ಸಣ್ಣ ಕೊನೆಯೇ ಎಂದರು.

ಮರುವರ್ಷ, ೨೦೨೫ರ ಮೇ ತಿಂಗಳ ಕೊನೆಯಲ್ಲಿ, ‘ರಾಣಿ’ ಎಂಬ ಖಳನಾಯಿಕೆಯ ಸರದಿ. ಹೆಸರು ನಮ್ಮದೇ! ೧೯೮೫ರಲ್ಲಿ ಕೇಟ್ ಓಮಾರಾ ಎಂಬ ನಟಿ ಮೊದಲು ಧರಿಸಿದ ಪಾತ್ರ ಅದು. ಈ ಸಲ ಅದನ್ನು ವಹಿಸಿದವಳು ಭಾರತೀಯ ಮೂಲದ ಆರ್ಚಿ ಪಂಜಾಬಿ. ಅವಳ ಜೊತೆಗೆ ಎಪ್ಪತ್ತರ ದಶಕದ ಓಮೆಗಾ ಎಂಬ ಇನ್ನೊಬ್ಬ ಹಳೆಯ ಖಳನನ್ನೂ ಎಬ್ಬಿಸಿದರು. ಕೊನೆಗೆ ಆದುದೇನು? ಓಮೆಗಾ ಬಂದವನೇ ರಾಣಿಯನ್ನು ನುಂಗಿದ. ಅವನೂ ಕ್ಷಣಾರ್ಧದಲ್ಲಿ ಸೋತು ಮರೆಯಾದ. ಎರಡು ಹಳೆಯ ಹೆಸರುಗಳು ಒಂದೇ ಉಸಿರಿನಲ್ಲಿ ವ್ಯಯವಾದುವೆಂದು ಬಹುಮಂದಿ ನೋಟಕರು ಕೊರಗಿದರು. ಇದನ್ನು ಮೆಚ್ಚಿದವರೂ ಇಲ್ಲದಿಲ್ಲ. ಹಳೆಯದನ್ನೇ ನೆಚ್ಚಿ ಕೂರದೆ ವೇಗವಾಗಿ ಮುಂದೆ ಸಾಗಬೇಕೆಂಬುದು ಅವರ ವಾದ. ಹಳೆಯ ಕಥೆಗಳನ್ನು ಕಾಣದ ಹೊಸ ಮಕ್ಕಳಿಗೆ ಈ ಹೆಸರುಗಳಿಂದೇನು ಪ್ರಯೋಜನ ಎಂಬ ಪ್ರಶ್ನೆಯೂ ಎದ್ದಿತು; ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಅಜೆಕಾರಿನ ಮಗುವಿಗೆ ಮಹಿಷನನ್ನು ಪರಿಚಯಿಸಲು ಪಕ್ಕದಲ್ಲಿ ಅಜ್ಜಿ ಕುಳಿತಿರುತ್ತಾಳೆ. ಲಂಡನ್ನಿನ ಮಗುವಿಗೆ ಕಥೆಯೇ ಅಜ್ಜಿಯಾಗಬೇಕು. ಅದು ಆಗದಿದ್ದಾಗ ಹಳೆಯ ಹೆಸರು ಬರಿಯ ಹೆಸರಾಗಿಯೇ ಉಳಿಯುವುದು.

ಗಡಿಯಾರದ ಮುಂದೆ ರಕ್ಕಸ

ಪರದೇಶದವರ ತಪ್ಪನ್ನು ಎಣಿಸುವುದು ಸುಲಭ. ಆದರೆ ಅದೇ ಆಪತ್ತು ಈಗ ಗದ್ದೆಯ ರಂಗಸ್ಥಳದ ಅಂಚಿಗೂ ಬಂದು ನಿಂತಿದೆ. ಸಂಜೆ ಆರಂಭವಾಗಿ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಆಟಗಳು ಈಚಿನ ವರ್ಷಗಳಲ್ಲಿ ಹೆಚ್ಚಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸುವ ೨೦೦೦ದ ಇಸವಿಯ ಶಬ್ದಮಾಲಿನ್ಯ ನಿಯಮಗಳು ಒಂದು ಕಡೆ. ಬದಲಾದ ಜೀವನಕ್ರಮ ಇನ್ನೊಂದು ಕಡೆ. ೨೦೨೨ರಲ್ಲಿ ಕಟೀಲು ಮೇಳದ ಆಟಗಳನ್ನೂ ಕಾಲಮಿತಿಗೆ ತರುವ ನಿರ್ಧಾರ ಹೊರಬಿದ್ದಾಗ ಭಕ್ತರಲ್ಲಿ ಹಲವರು ಪ್ರತಿಭಟಿಸಿದರು; ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಎರಡು ಪಕ್ಷದಲ್ಲಿಯೂ ಹುರುಳಿಲ್ಲದಿಲ್ಲ. ಬೆಳಿಗ್ಗೆ ಎದ್ದು ಮಣಿಪಾಲದ ಕಚೇರಿಗೋ ಆಸ್ಪತ್ರೆಗೋ ಓಡಬೇಕಾದವರು, ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾದವರು, ಇರುಳೆಲ್ಲ ನಿದ್ದೆಗೆಡಲು ಹೇಗಾದೀತು? ಹತ್ತಿರದಲ್ಲಿ ಕಾಯಿಲೆಯವರಿದ್ದರೆ ಚೆಂಡೆಯ ಸದ್ದು ಅವರಿಗೆ ಹಿಂಸೆಯೇ ಸರಿ. ಕಲಾವಿದರ ಆರೋಗ್ಯಕ್ಕೂ ಅರ್ಧರಾತ್ರಿಯ ವಿಶ್ರಾಂತಿ ಹಿತವೇ. ಕಾಲಮಿತಿಯಾದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕಡೆಯವರೆಗೂ ನೋಡುವಂತಾಯಿತೆಂದು ಹೇಳುವ ಗೃಹಿಣಿಯರಿದ್ದಾರೆ.

ಆದರೆ ಕತ್ತರಿ ಬೀಳುವುದು ಯಾವುದಕ್ಕೆ ಎಂಬುದನ್ನು ನೋಡಬೇಕು. ಮಾತಿಗೆ ಬೀಳುವುದು ಕಡಿಮೆ, ಹಾಸ್ಯಕ್ಕೆ ಇನ್ನೂ ಕಡಿಮೆ. ಮೊದಲು ಮೊಟಕಾಗುವುದು ತೆರೆಯ ಹಿಂದಿನಿಂದ ಮೆಲ್ಲಮೆಲ್ಲನೆ ತೋರಿಕೊಳ್ಳುವ ರಕ್ಕಸನ ಒಡ್ಡೋಲಗ. ಮೂರು ಗಂಟೆ ಬಣ್ಣ ಬರೆದುಕೊಂಡವನು ರಂಗದಲ್ಲಿ ಕಾಲು ಗಂಟೆ ನಿಂತು ಸಾಯಬೇಕಾದರೆ, ಆ ಬಣ್ಣವನ್ನು ಕಲಿಯಲು ಯಾವ ಹುಡುಗ ಬಂದಾನು? ನಾಟಕ ಕಂಪನಿಗಳ ಉಡುಗೆತೊಡುಗೆಯ ಪ್ರಭಾವಕ್ಕೆ ಸಿಕ್ಕಿ ಬಣ್ಣದ ವೇಷಗಳಲ್ಲಿ ಕೆಲವು ಹಿಂದೆಯೇ ರೂಪ ಬದಲಿಸಿದ್ದುಂಟು. ಉಳಿದುಕೊಂಡವುಗಳಿಗೆ ಈಗ ಗಡಿಯಾರವೇ ದೊಡ್ಡ ಎದುರಾಳಿ. ಸೂಟೆ ಮತ್ತು ಸಿಡಿಮದ್ದಿನ ಅಬ್ಬರ ಹೆಚ್ಚಿರುವುದಕ್ಕೆ ಈ ಅವಸರವೂ ಒಂದು ಕಾರಣವಿರಬಹುದು. ಕಾಯಿಸಿ ಹುಟ್ಟಿಸಬೇಕಾದ ಭಯವನ್ನು ಸಿಡಿಸಿ ಹುಟ್ಟಿಸಬೇಕಾಗಿದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಕಾಲಮಿತಿಯೊಳಗೂ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ವಿವೇಕ ಮೇಳದವರಿಗೂ ಆಡಿಸುವವರಿಗೂ ಬರಬೇಕು. ಉದ್ದದ ಸಭಾಮರ್ಯಾದೆಯನ್ನೂ ಹಾರತುರಾಯಿಗಳನ್ನೂ ಅರ್ಧ ಗಂಟೆ ಮೊಟಕು ಮಾಡಿ, ಆ ಅರ್ಧ ಗಂಟೆಯನ್ನು ಮಹಿಷನಿಗೆ ಕೊಟ್ಟರೆ ನೋಟಕರಾರೂ ದೂರಲಾರರು.

ಬೇಡವೆಂದರೂ ಬರುವವನು

ರಕ್ಕಸನಿಗಾಗಿ ಇಷ್ಟೇಕೆ ವಕಾಲತ್ತು ಎಂದು ಕೇಳುವವರಿರಬಹುದು. ಉತ್ತರ ಅದೇ ಪ್ರಸಂಗದ ಕೊನೆಯ ಭಾಗದಲ್ಲಿದೆ. ಮಹಿಷನು ಸತ್ತೊಡನೆ ದೇವಿ ಮಹಾತ್ಮೆ ಮುಗಿಯುವುದಿಲ್ಲ. ದೇವಿ ಉಯ್ಯಾಲೆಯಲ್ಲಿ ಕುಳಿತು ತೂಗಿಕೊಳ್ಳುತ್ತಿರುವಾಗಲೇ ಶುಂಭನಿಶುಂಭರ ದೂತರು ಬರುವರು, ಚಂಡಮುಂಡರು ಬರುವರು, ರಕ್ತಬೀಜನು ಬರುವನು. ನೆಲಕ್ಕೆ ಬಿದ್ದ ಅವನ ರಕ್ತದ ಹನಿಹನಿಯಿಂದಲೂ ಅವನಂತಹ ಇನ್ನೊಬ್ಬನು ಏಳುವನು. ಕೊಂದಷ್ಟೂ ಬೆಳೆಯುವ ಖಳನ ಕಲ್ಪನೆಯನ್ನು ಮಾರ್ಕಂಡೇಯ ಪುರಾಣವು ವಿಜ್ಞಾನ ಕಥೆಗಾರರಿಗಿಂತ ಎಷ್ಟೋ ಮೊದಲೇ ಮಾಡಿಟ್ಟಿದೆ. ವೈಕುಂಠದ ಬಾಗಿಲು ಕಾಯುತ್ತಿದ್ದ ಜಯವಿಜಯರ ಕಥೆಯೂ ಇದೇ. ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ ಸತ್ತು, ರಾವಣ ಕುಂಭಕರ್ಣರಾಗಿ ಬಂದು, ಶಿಶುಪಾಲ ದಂತವಕ್ತ್ರರಾಗಿ ಮತ್ತೊಮ್ಮೆ ಬಂದವರು ಅವರೇ. ವೇಷ ಬೇರೆ, ಯುಗ ಬೇರೆ. ಒಳಗಿನ ಹಗೆ ಒಂದೇ. ಕೆಡುಕನ್ನು ಒಮ್ಮೆ ಗೆದ್ದರೆ ಸಾಲದು, ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಗೆಲ್ಲಬೇಕು ಎಂಬ ತಿಳಿವಳಿಕೆ ಈ ಕಥೆಗಳ ಬೆನ್ನೆಲುಬು.

ಜನ ಇದನ್ನು ಬಲ್ಲರು. ೨೦೨೦ರ ವಸಂತದಲ್ಲಿ ರೋಗದ ಭೀತಿಯಿಂದ ದೇಶವೆಲ್ಲ ಬಾಗಿಲು ಹಾಕಿ ಕುಳಿತಿದ್ದಾಗ, ದೂರದರ್ಶನವು ರಮಾನಂದ ಸಾಗರರ ೧೯೮೭ರ ‘ರಾಮಾಯಣ’ವನ್ನು ಮತ್ತೆ ತೋರಿಸಿತು. ಏಪ್ರಿಲ್ ೧೬ರ ಒಂದೇ ಕಂತನ್ನು ೭.೭ ಕೋಟಿ ಮಂದಿ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ರಾವಣ ಸಾಯುವನೆಂದು ತಿಳಿಯದವರು ಅವರಲ್ಲಿ ಒಬ್ಬರಾದರೂ ಇದ್ದರೇ? ಅಂದು ರಾವಣನಾಗಿ ಅಬ್ಬರಿಸಿದ್ದ ನಟ ಅರವಿಂದ ತ್ರಿವೇದಿ ಆಗ ಮುಪ್ಪಿನಲ್ಲಿದ್ದರು. ತಾವೇ ನಟಿಸಿದ ಸೀತಾಪಹರಣದ ದೃಶ್ಯವನ್ನು ತೆರೆಯ ಮೇಲೆ ಕಾಣುತ್ತ ಅವರು ಕೈಮುಗಿದು ಕುಳಿತ ಚಿತ್ರ ಆಗ ದೇಶದ ತುಂಬ ಹರಡಿತು. ಮರುವರ್ಷ ಅವರು ತೀರಿಕೊಂಡರು.

ಅಂಥ ಕೈಮುಗಿತ ಚೌಕಿಯಲ್ಲಿಯೂ ಉಂಟು. ಮಹಿಷನ ವೇಷ ಕಟ್ಟಿದವನು ರಂಗಕ್ಕೆ ಹೊರಡುವ ಮೊದಲು ಚೌಕಿಯಲ್ಲಿನ ದೇವರಿಗೆ ನಮಸ್ಕರಿಸುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾವ ದೇವಿಯನ್ನು ಹೀಗಳೆದು ಅಬ್ಬರಿಸಲಿದ್ದಾನೋ, ಯಾವ ದೇವಿಯ ಶೂಲಕ್ಕೆ ಎದೆಯೊಡ್ಡಿ ಬೀಳಲಿದ್ದಾನೋ, ಆಕೆಗೇ ಆ ನಮಸ್ಕಾರ. ಅವನು ಚೆನ್ನಾಗಿ ಎದುರಿಸಿದರೆ ಮಾತ್ರ ಆಕೆ ಚೆನ್ನಾಗಿ ಗೆದ್ದಾಳು. ಆದುದರಿಂದ ಹಳೆಯ ಖಳ ಮತ್ತೆ ಬರಲಿ. ಆದರೆ ಬರುವವನಿಗೆ ಬರುವಷ್ಟು ದಾರಿಯನ್ನೂ, ಬೀಳುವವನಿಗೆ ಬೀಳುವಷ್ಟು ಹೊತ್ತನ್ನೂ ಕೊಡಿ ಎಂಬುದೇ ಲಂಡನ್ನಿನ ನೋಟಕರ ಅಹವಾಲು, ಅಜೆಕಾರಿನ ನೋಟಕರ ಅಹವಾಲು.